ದಾವಣಗೆರೆಯಲ್ಲಿ ಯೋಗಕ್ಕೆ ಸೇರುವ ಮುನ್ನ: ಯಾರಿಗೆ ಯಾವ ಯೋಗ, ಎಲ್ಲಿ ಕಲಿತರೆ ಒಳ್ಳೆಯದು?

ನಮ್ಮೂರಲ್ಲಿ "ನಾನೂ ಯೋಗಕ್ಕೆ ಸೇರ್ಬೇಕು" ಅನ್ನುವವರನ್ನು ಯಾಕೆ ಅಂತ ಕೇಳಿ ನೋಡಿ. ಸಿಗುವ ಉತ್ತರಗಳು ಐದಾರೇ. ಸೊಂಟ ನೋವು, ಶುಗರ್, ಬಿಪಿ, ಹೊಟ್ಟೆ ಕರಗಬೇಕು, ರಾತ್ರಿ ನಿದ್ದೆ ಇಲ್ಲ, ಸುಮ್ಮನೆ ಟೆನ್ಷನ್. ಆದರೆ ಸೇರುವ ಹೊತ್ತಿಗೆ ಈ ಕಾರಣ ಹಿಂದೆ ಬಿದ್ದಿರುತ್ತದೆ. ಮನೆಗೆ ಹತ್ತಿರದ ಕ್ಲಾಸು ಯಾವುದು, ಪಕ್ಕದ ಮನೆಯವರು ಎಲ್ಲಿಗೆ ಹೋಗ್ತಾರೆ, ಬೆಳಿಗ್ಗೆ ಎಷ್ಟು ಗಂಟೆಗೆ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ಎರಡು ತಿಂಗಳಾದ ಮೇಲೆ "ಯೋಗದಿಂದ ನಂಗೇನೂ ಆಗ್ಲಿಲ್ಲ" ಎಂದು ಬಿಟ್ಟುಬಿಡುವವರಲ್ಲಿ ಹೆಚ್ಚಿನವರದು ಇದೇ ಕತೆ. ತಮಗೆ ಬೇಕಾದದ್ದು ಒಂದು, ಅಲ್ಲಿ ಹೇಳಿಕೊಟ್ಟದ್ದು ಇನ್ನೊಂದು.

ಯೋಗ ಎಂಬ ಒಂದೇ ಬೋರ್ಡಿನ ಕೆಳಗೆ ನಾಲ್ಕಾರು ಬೇರೆ ಬೇರೆ ಕೆಲಸ ನಡೆಯುತ್ತವೆ. ಒಂದೊಂದಕ್ಕೆ ಒಂದೊಂದು ಫಲ. ನೂರೆಂಟು ಸೂರ್ಯನಮಸ್ಕಾರ ಹಾಕಿದವರಿಗೆ ಬೆವರು ಖಂಡಿತ, ರಾತ್ರಿಯ ನಿದ್ದೆಗೆ ಖಾತ್ರಿಯಿಲ್ಲ. ಕಣ್ಣು ಮುಚ್ಚಿ ಅರ್ಧ ತಾಸು ಒಂದೊಂದೇ ಮೂಗಿನ ಹೊಳ್ಳೆಯಲ್ಲಿ ಉಸಿರಾಡುವ ಅನುಲೋಮ ವಿಲೋಮ ಮಾಡಿದವರ ಮನಸ್ಸು ತಿಳಿಯಾದೀತು, ಹೊಟ್ಟೆ ಇದ್ದಲ್ಲೇ ಇರುತ್ತದೆ. ಹಾಗಾಗಿ ಈ ಹೋಲಿಕೆಯನ್ನು ನಿಮ್ಮ ತೊಂದರೆಯ ಕಡೆಯಿಂದ ಶುರುಮಾಡಿ, ಯಾವ ಕ್ಲಾಸು ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಒಬ್ಬರೇ ಗುರು, ಮೂರು ದಾರಿ

ಮೊದಲು ಸ್ವಲ್ಪ ಇತಿಹಾಸ. ಇದು ಆಯ್ಕೆಗೆ ನೇರವಾಗಿ ಸಂಬಂಧಿಸಿದ್ದೇ.

ಇವತ್ತು ಅಮೆರಿಕದಿಂದ ಜಪಾನಿನವರೆಗೆ ಕಲಿಸುವ ಆಸನಗಳ ಯೋಗದಲ್ಲಿ ದೊಡ್ಡ ಪಾಲು ತಿರುಮಲೈ ಕೃಷ್ಣಮಾಚಾರ್ಯರ ಕಡೆಯಿಂದ ಬಂದದ್ದು. ಅವರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೂ ನಾವೂ ಅದೇ ಜಿಲ್ಲೆಯವರು. ಆದರೂ ಇಲ್ಲಿನ ಯೋಗ ದಿನಾಚರಣೆಯ ಭಾಷಣಗಳಲ್ಲಿ ಈ ಹೆಸರು ಕೇಳುವುದು ಅಪರೂಪ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರು ಯೋಗಶಾಲೆ ನಡೆಸಿದರು.

ಅವರ ಕೈಯಲ್ಲಿ ಪಳಗಿದ ಹಾಸನದ ಹತ್ತಿರದ ಕೌಶಿಕದ ಪಟ್ಟಾಭಿ ಜೋಯಿಸರು ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನ ಲೆಕ್ಕದಲ್ಲಿ ನಿಲ್ಲದೆ ಸಾಗುವ ಅಷ್ಟಾಂಗ ವಿನ್ಯಾಸ ಕ್ರಮವನ್ನು ಬೆಳೆಸಿದರು. ಅದು ಗಟ್ಟಿಮುಟ್ಟಾದ ಮೈಯವರ ಯೋಗ. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಬಾಲ್ಯದಲ್ಲೇ ಮಲೇರಿಯಾ, ಟೈಫಾಯ್ಡ್, ಕ್ಷಯದಿಂದ ಹಣ್ಣಾಗಿದ್ದವರು. ಕೃಷ್ಣಮಾಚಾರ್ಯರು ಅವರ ಅಕ್ಕನ ಗಂಡ. 1937ರಲ್ಲಿ ಪುಣೆಗೆ ಹೋಗಿ ನೆಲೆಸಿದ ಅಯ್ಯಂಗಾರರು ಒಂದೊಂದು ಆಸನದಲ್ಲೂ ಹೆಚ್ಚು ಹೊತ್ತು ನಿಂತು, ಬಾಗದ ಮೈಗೆ ಕುರ್ಚಿ, ಹಗ್ಗ, ಮರದ ಇಟ್ಟಿಗೆ, ಮಡಿಸಿದ ಕಂಬಳಿಗಳ ಆಸರೆ ಕೊಟ್ಟು ಕಲಿಸುವ ಕ್ರಮವನ್ನು ರೂಪಿಸಿದರು. ಇನ್ನು ಕೃಷ್ಣಮಾಚಾರ್ಯರೇ ಮುಂದೆ ಮದ್ರಾಸಿನಲ್ಲಿ ಒಬ್ಬೊಬ್ಬರ ವಯಸ್ಸು, ಕಾಯಿಲೆ, ಕಸುಬು ನೋಡಿ ಅವರವರಿಗೆ ಬೇರೆ ಬೇರೆ ಪಾಠ ಹೇಳಿಕೊಡುತ್ತಾ ನೂರು ವರ್ಷ ಬದುಕಿ 1989ರಲ್ಲಿ ತೀರಿಕೊಂಡರು.

ವೇಗದ್ದು, ನಿಲುಗಡೆಯದ್ದು, ಒಬ್ಬೊಬ್ಬರಿಗೆ ಹೊಂದಿಸಿದ್ದು. ಈ ಮೂರರ ಪಕ್ಕಕ್ಕೆ ಉಸಿರಾಟ ಮತ್ತು ಧ್ಯಾನವನ್ನು ಇಟ್ಟರೆ ನಿಮ್ಮ ಮುಂದಿರುವ ಆಯ್ಕೆಗಳು ಮುಗಿದವು. ಪವರ್ ಯೋಗ, ಥೆರಪಿ ಯೋಗ ಅಂತ ಬೋರ್ಡಿನಲ್ಲಿ ಏನೇ ಬರೆದಿರಲಿ, ಒಳಗೆ ನಡೆಯುವುದು ಇವುಗಳಲ್ಲೇ ಒಂದು ಅಥವಾ ಎರಡರ ಬೆರಕೆ.

ನಮ್ಮ ಸೀಮೆಗೆ ಇನ್ನೊಂದು ಎಳೆಯೂ ಇದೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ಆಯುರ್ವೇದದ ಜೊತೆಗೆ ವ್ಯಾಯಾಮ ಮತ್ತು ಯೋಗವನ್ನು ಹಳ್ಳಿ ಹುಡುಗರಿಗೆ ದಶಕಗಳ ಕಾಲ ಕಲಿಸಿದವರು. ಈ ಭಾಗದ ಹಿರಿಯ ಯೋಗ ಶಿಕ್ಷಕರಲ್ಲಿ ಆ ಶಿಸ್ತಿನ ಛಾಯೆ ಕಾಣುತ್ತದೆ. ಅಲ್ಲಿ ಸೂರ್ಯನಮಸ್ಕಾರಕ್ಕೆ ದೊಡ್ಡ ಸ್ಥಾನ, ಜೊತೆಗೆ ಗರಡಿಮನೆಯ ಗತ್ತು. ಹರೆಯದವರಿಗೆ ಅದು ಬಹಳ ಒಳ್ಳೆಯದು. ಅರವತ್ತು ದಾಟಿದ ಮಂಡಿಗೆ ಹೊಂದುತ್ತದೋ ಇಲ್ಲವೋ ಕೇಳಿಕೊಂಡೇ ಸೇರಬೇಕು.

ಸೊಂಟ, ಬೆನ್ನು, ಮಂಡಿ

ದಾವಣಗೆರೆಯ ಕಸುಬುಗಳನ್ನೇ ನೋಡಿ. ಎಪಿಎಂಸಿ ಯಾರ್ಡಿನ ಅಂಗಡಿಯಲ್ಲಿ ದಿನವಿಡೀ ಗಾದಿಯ ಮೇಲೆ ಕೂರುವವರು, ಸೀರೆ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತೇ ಇರುವ ಹುಡುಗಿಯರು, ದೋಸೆ ಹೆಂಚಿನ ಮುಂದೆ ಬಗ್ಗಿ ನಿಂತವರು, ಮಂಡಕ್ಕಿ ಭಟ್ಟಿಯಲ್ಲಿ ಚೀಲ ಎತ್ತುವವರು. ಸೊಂಟ ನೋವು ಎಲ್ಲರದ್ದೂ, ಕಾರಣ ಒಬ್ಬೊಬ್ಬರದು ಬೇರೆ. ಕೂತವರಿಗೆ ತೊಡೆಯ ಮುಂಭಾಗ, ಸೊಂಟದ ಕೀಲು ಬಿಗಿದಿರುತ್ತದೆ. ಎತ್ತುವವರ ಬೆನ್ನು ಗಟ್ಟಿಯಿದ್ದರೂ ದಣಿದಿರುತ್ತದೆ. ನಿಂತವರಿಗೆ ಸೊಂಟಕ್ಕಿಂತ ಮೊದಲು ಮೀನಖಂಡ, ಪಾದ ಕೈಕೊಡುತ್ತವೆ.

ಮೂರು ತಿಂಗಳು ಮೀರಿದ ಸೊಂಟ ನೋವಿಗೆ ಯೋಗದಿಂದ ಅನುಕೂಲವಿದೆ ಎಂಬುದಕ್ಕೆ ಸಾಕಷ್ಟು ಅಧ್ಯಯನಗಳ ಬೆಂಬಲವಿದೆ. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಕೊಟ್ಟ ಸಲಹಾ ಸೂತ್ರದಲ್ಲಿ ಇಂಥ ನೋವಿಗೆ ಮಾತ್ರೆಗಿಂತ ಮೊದಲು ಮಾಡಬೇಕಾದವುಗಳ ಪಟ್ಟಿಯಲ್ಲಿ ವ್ಯಾಯಾಮದ ಜೊತೆ ಯೋಗವನ್ನೂ ಸೇರಿಸಿತು. ಆದರೆ ಪವಾಡ ನಿರೀಕ್ಷಿಸಬೇಡಿ. ನೋವು ಸ್ವಲ್ಪ ಇಳಿಯುತ್ತದೆ, ಓಡಾಟ ಸಲೀಸಾಗುತ್ತದೆ, ಅದೂ ವಾರಗಳಲ್ಲಿ ಅಲ್ಲ, ತಿಂಗಳುಗಳಲ್ಲಿ. ಫಿಸಿಯೋಥೆರಪಿಯವರು ಹೇಳಿಕೊಡುವ ವ್ಯಾಯಾಮಕ್ಕೂ ಯೋಗಕ್ಕೂ ಈ ವಿಷಯದಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಂಡುಬಂದಿಲ್ಲ. ಅದನ್ನೇ ಈಗಾಗಲೇ ಶ್ರದ್ಧೆಯಿಂದ ಮಾಡುತ್ತಿದ್ದರೆ ಬಿಟ್ಟು ಬರುವ ಅಗತ್ಯವೇ ಇಲ್ಲ.

ಇಲ್ಲಿ ಆರಿಸಬೇಕಾದ್ದು ನಿಧಾನದ, ನಿಲುಗಡೆಯ ಕ್ರಮ. ಮಕರಾಸನ, ಮಾರ್ಜಾಲಾಸನ, ಹೆಚ್ಚು ಎತ್ತರಕ್ಕೆ ಏಳದ ಭುಜಂಗಾಸನ, ಸೇತುಬಂಧಾಸನ. ಇಷ್ಟರಲ್ಲೇ ಬಹಳಷ್ಟು ಕೆಲಸ ಆಗುತ್ತದೆ. ಅಯ್ಯಂಗಾರ್ ಕ್ರಮದ ಶಿಕ್ಷಕರು ಸಿಕ್ಕರೆ ಅದೃಷ್ಟ. ಸಿಗದಿದ್ದರೂ ಅವರ ಯುಕ್ತಿಗಳನ್ನು ಮನೆಗೆ ತರಬಹುದು. ಚಳ್ಳಕೆರೆ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಅದರ ಅಂಚಿನ ಮೇಲೆ ಕೂತರೆ ಸೊಂಟ ತಾನಾಗಿ ಮುಂದಕ್ಕೆ ಬಾಗಿ ಬೆನ್ನು ನೆಟ್ಟಗಾಗುತ್ತದೆ. ಅಂಗಡಿಯಲ್ಲಿ ಸಿಗುವ ಫೋಮ್ ದಿಂಬಿಗಿಂತ ಈ ಒರಟು ಉಣ್ಣೆ ವಾಸಿ, ಕುಗ್ಗುವುದಿಲ್ಲ, ಜಾರುವುದೂ ಇಲ್ಲ.

ಡಿಸ್ಕ್ ಜಾರಿ ಕಾಲಿಗೆ ನೋವು ಇಳಿಯುವವರು ಮಾತ್ರ ಮುಂದಕ್ಕೆ ಬಾಗಿ ಬೆರಳು ಮುಟ್ಟುವ ಆಸನಗಳನ್ನು ವೈದ್ಯರ ಮಾತು ಕೇಳದೆ ಮಾಡಬಾರದು. ಪಾರ್ಕಿನ ಬ್ಯಾಚುಗಳಲ್ಲಿ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅಂತ ಹುರುಪು ತುಂಬುವುದು ಈ ಪಶ್ಚಿಮೋತ್ತಾನಾಸನದಲ್ಲೇ. ಮೂಳೆ ಸವೆದಿದೆ ಎಂದು ಡಾಕ್ಟರು ಹೇಳಿರುವ ವಯಸ್ಸಾದ ಹೆಂಗಸರಿಗೂ ಬೆನ್ನು ಗುಂಡಗೆ ಮಾಡಿ ಬಾಗುವುದು ಒಳ್ಳೆಯದಲ್ಲ. ಕಾಲು ಜೋಮು ಹಿಡಿದು ಶಕ್ತಿ ಕಳೆದುಕೊಳ್ಳುತ್ತಿದ್ದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅದು ಯೋಗದ ವಿಷಯವೇ ಅಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಂಡಿ ನೋವಿನವರಿಗೆ ಒಂದೇ ಮಾತು. ವಜ್ರಾಸನ ಬಾರದಿದ್ದರೆ ಯೋಗ ಬಾರದು ಅಂತ ಯಾರೂ ಹೇಳಿಲ್ಲ. ಕುರ್ಚಿಯ ಮೇಲೆ ಕೂತು ಮಾಡುವ ಯೋಗ ಕಡಿಮೆ ದರ್ಜೆಯದಲ್ಲ. ತೊಡೆಯ ಮುಂಭಾಗದ ಸ್ನಾಯು ಬಲವಾದಷ್ಟೂ ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಅದಕ್ಕೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಒರಗಿ ಅರ್ಧ ಕುಕ್ಕರುಗಾಲಿನಲ್ಲಿ ನಿಲ್ಲುವುದು ಸಾಕು. ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವ ವೃಕ್ಷಾಸನವನ್ನೂ ಸೇರಿಸಿ. ಬಚ್ಚಲುಮನೆಯಲ್ಲಿ ಜಾರಿ ಬೀಳುವ ವಯಸ್ಸಿನವರಿಗೆ ಸಮತೋಲನದ ಅಭ್ಯಾಸದಷ್ಟು ಉಪಯೋಗದ್ದು ಬೇರೆ ಇಲ್ಲ.

ಶುಗರ್, ಬಿಪಿ, ಹೊಟ್ಟೆ

ಈ ಮೂರಕ್ಕೂ ಯೋಗ ಒಂದನ್ನೇ ನೆಚ್ಚಿಕೊಂಡವರಿಗೆ ನನ್ನ ಮಾತು ರುಚಿಸದು. ವಾಕಿಂಗ್ ಬೇಕೇ ಬೇಕು.

ಲೆಕ್ಕ ಹೀಗಿದೆ. ಸುಮ್ಮನೆ ಕೂತಾಗ ಮೈ ಖರ್ಚು ಮಾಡುವ ಶಕ್ತಿಯನ್ನು ಒಂದು ಎಂದುಕೊಂಡರೆ ನಿಧಾನದ ಹಠಯೋಗದಲ್ಲಿ ಅದು ಸುಮಾರು ಎರಡೂವರೆ, ಬಿರುಸಿನ ನಡಿಗೆಯಲ್ಲಿ ಮೂರೂವರೆ ಅಥವಾ ಅದಕ್ಕೂ ಮೇಲೆ. ಅರವತ್ತು ಕೆಜಿಯವರು ಒಂದು ತಾಸು ಆಸನ ಮಾಡಿದರೆ ಹೆಚ್ಚೆಂದರೆ 150 ಕ್ಯಾಲೊರಿ. ಕ್ಲಾಸು ಮುಗಿಸಿ ಬರುವಾಗ ದಾರಿಯಲ್ಲಿ ಸಿಗುವ ಒಂದು ಬೆಣ್ಣೆದೋಸೆಗೆ ಅದು ಸಾಲುವುದಿಲ್ಲ, ಎರಡನೆಯದರ ಮಾತು ಬಿಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಬಿರುಸಿನ ಚಟುವಟಿಕೆ, ಅದರ ಮೇಲೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಎಂದು ಹೇಳುತ್ತದೆ. ಕುಂದವಾಡ ಕೆರೆ ಏರಿಯ ಮೇಲೆ ಬಿರುಸಾಗಿ ನಡೆಯುವುದು ಮೊದಲನೆಯದಕ್ಕೆ, ಯೋಗದ ನಿಲುವಿನ ಆಸನಗಳು ಎರಡನೆಯದಕ್ಕೆ. ಚಿತ್ರದುರ್ಗದವರಿಗಾದರೆ ಚಂದ್ರವಳ್ಳಿ ಕಡೆಯ ದಾರಿಯಿದೆ, ಗಾಳಿ ಪುಕ್ಕಟೆ.

ಶುಗರ್ ಇದ್ದವರಿಗೆ ಆಸನದಿಂದ ಉಪಯೋಗ ಇಲ್ಲವೆಂದಲ್ಲ. ಸ್ನಾಯು ದುಡಿದಾಗ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಮನಸ್ಸಿನ ಒತ್ತಡ ಇಳಿದಾಗ ಸಕ್ಕರೆ ಏರಿಸುವ ಹಾರ್ಮೋನುಗಳೂ ತಗ್ಗುತ್ತವೆ. ಮಾತ್ರೆ, ಪಥ್ಯದ ಜೊತೆಗೆ ಯೋಗ ಮಾಡಿದವರಲ್ಲಿ ಸಕ್ಕರೆ ಪ್ರಮಾಣ ಇನ್ನಷ್ಟು ಸುಧಾರಿಸಿದ್ದನ್ನು ಅಧ್ಯಯನಗಳು ತೋರಿಸಿವೆ. ಇಲ್ಲಿ ತೂಕವಿರುವುದು "ಜೊತೆಗೆ" ಎಂಬುದಕ್ಕೆ. ಫಲ ಕಂಡಿತೋ ಇಲ್ಲವೋ ತಿಳಿಯಲು ಬೆಳಗಿನ ಒಂದು ರೀಡಿಂಗ್ ನೋಡಿ ಹಿಗ್ಗುವುದು ಬೇಡ. ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಸೇರುವಾಗೊಮ್ಮೆ, ಮೂರು ತಿಂಗಳಾದ ಮೇಲೊಮ್ಮೆ ಮಾಡಿಸಿ ಹೋಲಿಸಿ. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬಿರುಸಿನ ಸೂರ್ಯನಮಸ್ಕಾರಕ್ಕೆ ಇಳಿದರೆ ಸಕ್ಕರೆ ಕುಸಿದು ಕಣ್ಣು ಕತ್ತಲೆ ಬರಬಹುದು. ಜೇಬಿನಲ್ಲಿ ಗ್ಲುಕೋಸ್ ಪುಡಿಯೋ ಒಂದು ತುಂಡು ಬೆಲ್ಲವೋ ಇರಲಿ, ಪಕ್ಕದವರಿಗೆ ಹೇಳಿಯೂ ಇರಿ.

ಬಿಪಿಯವರ ಆಯ್ಕೆ ಬೇರೆಯೇ. ಅವರಿಗೆ ನಿಧಾನದ ಉಸಿರಾಟ, ಹಗುರ ಆಸನ, ಕೊನೆಗೆ ಉದ್ದದ ಶವಾಸನ. ಇದರಿಂದ ಬಿಪಿ ಕೆಲವು ಅಂಕಿ ಇಳಿಯುತ್ತದೆ. ಮಾತ್ರೆ ನಿಲ್ಲಿಸುವಷ್ಟು ಅಲ್ಲ, ಆದರೆ ಹೃದಯಕ್ಕೆ ಆ ಕೆಲವು ಅಂಕಿಯೂ ಲಾಭವೇ. ಹತೋಟಿಯಲ್ಲಿಲ್ಲದ ಬಿಪಿಗೆ ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟುವ ಕುಂಭಕ, ತಲೆ ಕೆಳಗಾಗುವ ಆಸನಗಳು ಸಲ್ಲ. ಗ್ಲಾಕೋಮಾ ಇದ್ದವರಿಗೂ ಶೀರ್ಷಾಸನ, ಸರ್ವಾಂಗಾಸನ ಬೇಡವೇ ಬೇಡ. ತಲೆ ಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಟಿವಿ ನೋಡಿ ಬೆಳಿಗ್ಗೆದ್ದು ಕಪಾಲಭಾತಿ ಹೊಡೆಯುವುದು ನಮ್ಮಲ್ಲಿ ಒಂದು ಚಟದ ಮಟ್ಟಕ್ಕೆ ಹೋಗಿದೆ. ಅದು ಹೊಟ್ಟೆ ಕರಗಿಸುವ ಯಂತ್ರವಲ್ಲ. ಹರ್ನಿಯಾ ಇದ್ದವರಿಗೆ, ಬಸುರಿಯರಿಗೆ, ಫಿಟ್ಸ್ ಬರುವವರಿಗೆ, ಹೊಟ್ಟೆ ಆಪರೇಷನ್ ಆಗಿ ಹೆಚ್ಚು ಕಾಲ ಆಗದವರಿಗೆ ಅಪಾಯ ತರಬಲ್ಲದ್ದು.

ಥೈರಾಯ್ಡ್ ಮಾತ್ರೆ ಬಿಟ್ಟು ಸರ್ವಾಂಗಾಸನ ಮಾಡಿ ಎಂಬ ಸಲಹೆ ಎಲ್ಲೇ ಕೇಳಿಬಂದರೂ ಒಪ್ಪಬೇಡಿ. ಅದಕ್ಕೆ ತಕ್ಕ ಆಧಾರವಿಲ್ಲ.

ಮನಸ್ಸಿಗೆ ಬೇಕಾದಾಗ

ನನಗೆ ಕೇಳಿದರೆ ಯೋಗದ ನಿಜವಾದ ಬಲ ಇರುವುದು ಇಲ್ಲಿ. ತೂಕಕ್ಕೆ ವಾಕಿಂಗ್ ಇದೆ, ಬಲಕ್ಕೆ ಜಿಮ್ಮಿದೆ. ಓಡುವ ಎದೆಬಡಿತವನ್ನು ಕೂತಲ್ಲೇ ಹಿಡಿದು ನಿಲ್ಲಿಸುವ ವಿದ್ಯೆಯನ್ನು ಇಷ್ಟು ಸರಳವಾಗಿ ಹೇಳಿಕೊಡುವ ಬೇರೆ ಜಾಗ ಕಡಿಮೆ.

ಅದು ಕೆಲಸ ಮಾಡುವ ಬಗೆಯಲ್ಲಿ ಗುಟ್ಟೇನೂ ಇಲ್ಲ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತೇವೆ. ಅದನ್ನು ಆರರ ಹತ್ತಿರಕ್ಕೆ ಇಳಿಸಿ, ಒಳಗೆಳೆಯುವುದಕ್ಕಿಂತ ಹೊರಬಿಡುವುದನ್ನು ಉದ್ದ ಮಾಡಿದರೆ ವೇಗಸ್ ನರದ ಮೂಲಕ ಹೃದಯಕ್ಕೆ ನಿಧಾನಿಸು ಎಂಬ ಸೂಚನೆ ಹೋಗುತ್ತದೆ. ಭ್ರಾಮರಿಯಲ್ಲಿ ಗುಂಯ್‌ಗುಡುವಾಗ ಆಗುವುದೂ ಇದೇ. ದನಿ ಹೊರಡಿಸಬೇಕಾದರೆ ಉಸಿರನ್ನು ಉದ್ದಕ್ಕೆ ಬಿಡಲೇಬೇಕು. ಪಿಯುಸಿ, ನೀಟ್, ಇಂಜಿನಿಯರಿಂಗ್ ಅಂತ ಹಾಸ್ಟೆಲ್ಲು ಪಿಜಿಗಳಲ್ಲಿ ತುಂಬಿಕೊಂಡಿರುವ ಮಕ್ಕಳಿಗೆ ಪರೀಕ್ಷೆಯ ಹಾಲ್ ಹೊರಗೆ ಮಾಡಬಹುದಾದದ್ದು ಇದೊಂದೇ. ಮ್ಯಾಟು ಬೇಡ, ಗುರುಗಳು ಬೇಡ, ಐದು ನಿಮಿಷ ಸಾಕು.

ಆದರೆ ಎಲ್ಲರಿಗೂ ಕಣ್ಣು ಮುಚ್ಚಿ ಕೂರುವುದು ಹಿತವಲ್ಲ. ಮೆಕ್ಕೆಜೋಳದ ರೇಟು ಬಿದ್ದು ಸಾಲದ ಕಂತು ಎದುರು ನಿಂತಿರುವ ರೈತನನ್ನು ಧ್ಯಾನಕ್ಕೆ ಕೂರಿಸಿದರೆ ಅವನಿಗೆ ಕಾಣುವುದು ಸಾಲವೇ. ತೀರಾ ಆತಂಕ ಇರುವವರು ಮೊದಲು ಮೈ ಆಡಿಸಬೇಕು. ನಾಲ್ಕಾರು ಸುತ್ತು ನಿಧಾನದ ಸೂರ್ಯನಮಸ್ಕಾರ, ನಿಲುವಿನ ಆಸನಗಳು, ಆಮೇಲೆ ಉಸಿರು, ಕೊನೆಗೆ ಕಣ್ಣು ಮುಚ್ಚುವುದು. ಕಣ್ಣು ಮುಚ್ಚಿದರೆ ಗಾಬರಿ ಹೆಚ್ಚಾಗುವವರು ಅರೆತೆರೆದೇ ಇರಲಿ, ಇಲ್ಲವೇ ಉಸಿರು ಎಣಿಸುತ್ತಾ ನಡೆಯಲಿ. ಮಾತು, ಯೋಚನೆಯ ಸಮತೋಲನ ತಪ್ಪುವಂಥ ಮಾನಸಿಕ ಕಾಯಿಲೆ ಹಿಂದೆ ಬಂದಿದ್ದವರು ದಿನಗಟ್ಟಲೆ ಮೌನದಲ್ಲಿ ಕೂರಿಸುವ ಶಿಬಿರಗಳಿಗೆ ವೈದ್ಯರನ್ನು ಕೇಳದೆ ಹೋಗಬಾರದು.

ನಿದ್ದೆ ಬಾರದವರ ದೊಡ್ಡ ತೊಡಕು ಹೊತ್ತಿನದು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕ್ಲಾಸಿಗೆ ಓಡಿದರೆ ಇದ್ದ ನಿದ್ದೆಯೂ ಹೋಯಿತು. ಅವರಿಗೆ ಸಂಜೆಯ ಬ್ಯಾಚು ಮೇಲು. ಬಿರುಸಿನದ್ದು, ಕಪಾಲಭಾತಿಯಂಥದ್ದು ಸಂಜೆ ಬೇಡ. ಮಲಗುವ ಮುಂಚೆ ಯೋಗನಿದ್ರೆ, ಗೋಡೆಗೆ ಕಾಲು ಎತ್ತಿ ಮಲಗುವುದು, ಭ್ರಾಮರಿ ಸಾಕು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯೇರಿ ನಡುರಾತ್ರಿ ಎಚ್ಚರಾಗುವ ಹೆಂಗಸರಿಗೂ ಇದೇ ದಾರಿ, ಜೊತೆಗೆ ಕೊಳವೆಯಂತೆ ಸುತ್ತಿದ ನಾಲಿಗೆಯ ಮೂಲಕ ಉಸಿರೆಳೆಯುವ ಶೀತಲಿ.

ಮಂಕು ಕವಿದವರ ವಿಷಯದಲ್ಲಿ ಮನೆಯೋ ಕ್ಲಾಸೋ ಎಂಬ ಪ್ರಶ್ನೆಗೆ ನನ್ನ ಉತ್ತರ ಖಡಾಖಂಡಿತ. ಕ್ಲಾಸು. ಹಾಸಿಗೆ ಬಿಟ್ಟು ಏಳುವುದೇ ದೊಡ್ಡ ಕೆಲಸವಾಗಿರುವಾಗ ಮೊಬೈಲಿನ ವಿಡಿಯೋ ಯಾರನ್ನೂ ಎಬ್ಬಿಸುವುದಿಲ್ಲ. "ಯಾಕಕ್ಕಾ, ಎರಡು ದಿನದಿಂದ ಕಾಣ್ಲಿಲ್ಲ?" ಅಂತ ಫೋನ್ ಮಾಡುವ ಪಕ್ಕದ ಮ್ಯಾಟಿನವರು ಎಬ್ಬಿಸುತ್ತಾರೆ. ಖಿನ್ನತೆಗೆ ಯೋಗ ಚಿಕಿತ್ಸೆಯ ಜೊತೆಗಿನ ಆಸರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಯೋಗವನ್ನು ಹೀಗೆ ಔಷಧ, ಆಪ್ತಸಲಹೆಗಳ ಜೊತೆಯಲ್ಲೇ ಬಳಸುತ್ತಾರೆ. ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋದರೆ ಯೋಗ ಗುರುಗಳ ಹತ್ತಿರ ಹೇಳಿಕೊಂಡು ಸುಮ್ಮನಾಗಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪಾರ್ಕೋ, ಕ್ಲಾಸೋ, ಡಾಕ್ಟರೋ, ಮೊಬೈಲೋ

ಪಾರ್ಕಿನ ಉಚಿತ ಬ್ಯಾಚಿನ ಬಲ ಸಂಗ. ಹತ್ತಿಪ್ಪತ್ತು ಜನ ಒಟ್ಟಿಗೆ ಕೈ ಎತ್ತುವಾಗ ಸೋಮಾರಿತನಕ್ಕೆ ಜಾಗ ಸಿಗುವುದಿಲ್ಲ. ಕೊನೆಗೆ ನಗೆ, ಹರಟೆ, ಯಾರದೋ ಮಗಳ ಮದುವೆಯ ಕರೆಯೋಲೆ. ನಿವೃತ್ತರಿಗೆ, ಒಬ್ಬಂಟಿ ಹಿರಿಯರಿಗೆ ಈ ಹರಟೆಯ ಆರೋಗ್ಯ ಲಾಭ ಆಸನದ್ದಕ್ಕಿಂತ ಕಡಿಮೆಯೇನಲ್ಲ. ದೌರ್ಬಲ್ಯವೂ ಅಲ್ಲೇ ಇದೆ. ಮುಂದೆ ನಿಂತು ಹೇಳಿಕೊಡುವವರಿಗೆ ಹಿಂದಿನ ಸಾಲಿನ ನಿಮ್ಮ ಮಂಡಿ ಕಾಣುವುದಿಲ್ಲ. ಎಲ್ಲರಿಗೂ ಒಂದೇ ಪಾಠ. ಕಾಯಿಲೆ ಏನೂ ಇಲ್ಲದವರು, ಮೈ ಹಗುರಾಗಿಟ್ಟುಕೊಳ್ಳಬೇಕು ಅನ್ನುವವರು ಧಾರಾಳವಾಗಿ ಇಲ್ಲಿಗೇ ಸೇರಿ. ಆಯುಷ್ ಸಚಿವಾಲಯ ಜೂನ್ 21ರ ಯೋಗ ದಿನಕ್ಕೆಂದು ರೂಪಿಸಿದ 45 ನಿಮಿಷದ ಸಾಮಾನ್ಯ ಯೋಗ ಶಿಷ್ಟಾಚಾರವನ್ನು ಹೇಳಿಕೊಡುವ ಬ್ಯಾಚಾದರೆ ಇನ್ನೂ ಸುರಕ್ಷಿತ. ಅದರಲ್ಲಿ ಕುತ್ತಿಗೆ ಭುಜ ಸಡಿಲಿಸುವುದರಿಂದ ಹಿಡಿದು ಆಸನ, ಪ್ರಾಣಾಯಾಮ, ಧ್ಯಾನದವರೆಗೆ ಎಲ್ಲವೂ ಅಳತೆಯಲ್ಲಿವೆ. (ಆ ದಿನ ಮೈದಾನ ತುಂಬುವ ಜನ ಜೂನ್ 22ಕ್ಕೆ ಎಲ್ಲಿ ಹೋಗುತ್ತಾರೋ ಕಾಣೆ.)

ದುಡ್ಡು ಕೊಟ್ಟು ಸೇರುವ ಕ್ಲಾಸಿನಲ್ಲಿ ನೀವು ನಿಜಕ್ಕೂ ಕೊಳ್ಳುವುದು ಶಿಕ್ಷಕರ ಕಣ್ಣನ್ನು. ಎಂ.ಸಿ.ಸಿ. ಬ್ಲಾಕಿನ ಹೊಳೆಯುವ ಹಾಲೋ, ಹಳೇ ಊರಿನ ಮಹಡಿ ಮೇಲಿನ ಕೋಣೆಯೋ, ಬ್ಯಾಚಿನಲ್ಲಿ ಎಷ್ಟು ಜನ ಅಂತ ಮೊದಲು ಕೇಳಿ. ಹತ್ತು ಹನ್ನೆರಡು ದಾಟಿದರೆ ಪಾರ್ಕಿಗೂ ಅದಕ್ಕೂ ಫ್ಯಾನಿನ ವ್ಯತ್ಯಾಸವಷ್ಟೇ. ಸೊಂಟ, ಕುತ್ತಿಗೆ, ಮಂಡಿ ತೊಂದರೆಯವರು ಹಣ ಹಾಕುವುದಾದರೆ ಇಲ್ಲಿ ಹಾಕಬೇಕು. ಮೊದಲ ಎರಡು ಮೂರು ತಿಂಗಳು ಸರಿಯಾಗಿ ಕಲಿತು ಆಮೇಲೆ ಪಾರ್ಕಿಗೋ ಮನೆಯ ಮಹಡಿಗೋ ಹೋದರೂ ನಷ್ಟವಿಲ್ಲ.

ಒಂದಕ್ಕಿಂತ ಹೆಚ್ಚು ಕಾಯಿಲೆ ಇದ್ದವರಿಗೆ, ಹೃದಯದ ಸ್ಟೆಂಟ್ ಹಾಕಿಸಿಕೊಂಡವರಿಗೆ, ಬಸುರಿಯರಿಗೆ ಬಿಎನ್‌ವೈಎಸ್ ಓದಿದ ವೈದ್ಯರ ಬಳಿ ಒಮ್ಮೆ ಹೋಗಿಬನ್ನಿ ಎನ್ನುತ್ತೇನೆ. ಐದೂವರೆ ವರ್ಷದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ ಅದು. ಅವರು ನಿಮ್ಮ ರಿಪೋರ್ಟು ಓದಬಲ್ಲರು. ಅವರಿಂದ ಒಂದು ಪಟ್ಟಿ ಬರೆಸಿಕೊಂಡು, ಯಾವುದು ಮಾಡಬೇಕು, ಯಾವುದು ಕೂಡದು ಎಂದು ಗುರುತು ಹಾಕಿಸಿಕೊಂಡು ಆ ಪಟ್ಟಿಯನ್ನೇ ಹತ್ತಿರದ ಯೋಗ ಶಿಕ್ಷಕರಿಗೆ ತೋರಿಸಿದರೆ ದಿನಾ ದೂರ ಓಡಾಡುವ ಖರ್ಚು ಉಳಿಯುತ್ತದೆ. ಹಳ್ಳಿಗಳವರು ಹತ್ತಿರದ ಸರ್ಕಾರಿ ಆಯುರ್ವೇದ ಆಸ್ಪತ್ರೆಯಲ್ಲೂ ವಿಚಾರಿಸಿ. ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿರುವ ಕಡೆ ಯೋಗ ಹೇಳಿಕೊಡುವವರನ್ನು ನೇಮಿಸುವ ವ್ಯವಸ್ಥೆಯಿದೆ.

ಮೊಬೈಲ್ ನೋಡಿ ಕಲಿಯುವುದನ್ನು ಸಾರಾಸಗಟಾಗಿ ತಳ್ಳಿಹಾಕಲಾರೆ. ಬೆಳಿಗ್ಗೆ ಆರಕ್ಕೆ ನೀರು ಬಿಡುವ ಮನೆಯಲ್ಲಿ, ಡಬ್ಬಿ ಕಟ್ಟಬೇಕಾದ ತಾಯಂದಿರಿಗೆ ಆರೂವರೆಯ ಬ್ಯಾಚು ಬರೀ ಕನಸು. ಮಕ್ಕಳು ಶಾಲೆಗೆ ಹೋದ ಮೇಲಿನ ಅರ್ಧ ಗಂಟೆಯೇ ಅವರ ಪಾಲಿಗೆ ಬೆಳಗು. ಪ್ರಾಣಾಯಾಮ, ಯೋಗನಿದ್ರೆ, ಹಗುರ ಆಸನಗಳಿಗೆ ವಿಡಿಯೋ ಸಾಕು. ಶೀರ್ಷಾಸನ, ಚಕ್ರಾಸನದಂಥವನ್ನು ವಿಡಿಯೋ ನೋಡಿ ಕಲಿಯಬಾರದು. ಕುತ್ತಿಗೆಗೆ ಪೆಟ್ಟಾದರೆ ರಿವೈಂಡ್ ಒತ್ತಿ ಹಿಂದಕ್ಕೆ ಹೋಗಲಾಗದು.

ಮೊದಲ ದಿನದ ಪರೀಕ್ಷೆ ನಿಮ್ಮದಲ್ಲ, ಅವರದು

ಎಲ್ಲಿಗೇ ಹೋಗಿ, ಮ್ಯಾಟು ಹಾಸುವ ಮೊದಲು ಶಿಕ್ಷಕರು ನಿಮ್ಮನ್ನು ಏನಾದರೂ ಕೇಳುತ್ತಾರೋ ನೋಡಿ. "ಏನಮ್ಮಾ, ಆಪರೇಷನ್ ಏನಾದ್ರೂ ಆಗಿದೆಯಾ? ಮಾತ್ರೆ ಏನು ತಗೋತೀರಿ?" ಎಂದವರು ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ. ಏನೂ ಕೇಳದೆ "ಬನ್ನಿ, ಕೊನೇ ಸಾಲಲ್ಲಿ ಜಾಗ ಇದೆ" ಅಂದರೆ ಇನ್ನೊಂದು ಕಡೆ ನೋಡಿಬನ್ನಿ. ಗೋಡೆಯ ಮೇಲಿನ ಸರ್ಟಿಫಿಕೇಟು ಯಾವುದೆಂದು ಕೇಳುವುದರಲ್ಲಿ ಮುಜುಗರವಿಲ್ಲ. ಕೇಂದ್ರ ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡು ಹಂತ ಹಂತವಾಗಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ವಿಶ್ವವಿದ್ಯಾಲಯಗಳ ಡಿಪ್ಲೊಮಾ, ಎಂ.ಎಸ್ಸಿ. ಕೂಡ ಇವೆ. ಸರ್ಟಿಫಿಕೇಟಿಲ್ಲದ ಒಳ್ಳೆಯ ಗುರುಗಳೂ ಈ ಭಾಗದಲ್ಲಿದ್ದಾರೆ, ಅವರನ್ನು ಗುರುತಿಸುವ ದಾರಿ ಹಳೆಯ ಶಿಷ್ಯರನ್ನು ವಿಚಾರಿಸುವುದೊಂದೇ. ಹೇಳದೆ ಮೈಮೇಲೆ ಕೈಯಿಟ್ಟು ಒತ್ತಿ ಬಗ್ಗಿಸುವವರು, ಮಾತ್ರೆ ಬಿಡಿ ಅನ್ನುವವರು, ಇಂತಿಷ್ಟು ದಿನದಲ್ಲಿ ಶುಗರ್ ಮಾಯ ಎಂದು ಪಾಂಪ್ಲೆಟ್ ಹಂಚುವವರು, ಈ ಮೂವರಿಂದ ದೂರವಿರಿ.

ಹೊತ್ತಿನ ವಿಷಯ ಬೇಗ ಮುಗಿಸುತ್ತೇನೆ. ಊಟವಾಗಿ ಮೂರು ತಾಸು, ಹಗುರ ತಿಂಡಿಯಾದರೆ ಎರಡು ತಾಸು ಬಿಡಬೇಕು. ಮಾರ್ಚಿನಿಂದ ಮೇ ವರೆಗೆ ನಮ್ಮ ಬಿಸಿಲಿನಲ್ಲಿ ಎಂಟರ ನಂತರ ಬಯಲಿನಲ್ಲಿ ಬಿರುಸಿನ ಅಭ್ಯಾಸ ಬೇಡ, ಶೀಟಿನ ಮನೆಯ ಮಹಡಿಯೂ ಬೇಡ. ವಾರಕ್ಕೊಮ್ಮೆ ಎರಡು ತಾಸು ಮಾಡುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ವಾಸಿ.

ಫೀಸು ಕಟ್ಟುವಾಗ ವರ್ಷದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅನ್ನುತ್ತಾರೆ. ಒಪ್ಪಬೇಡಿ, ತಿಂಗಳ ಲೆಕ್ಕದಲ್ಲೇ ಕಟ್ಟಿ. ಸೇರುವ ದಿನವೇ ನಿಮ್ಮ ಬಿಪಿ, ಸೊಂಟದ ಸುತ್ತಳತೆ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಕೈ ಊರದೆ ನೆಲದಿಂದ ಏಳಲು ಆಗುತ್ತದೋ ಇಲ್ಲವೋ ಎಂಬುದನ್ನು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಮೂರು ತಿಂಗಳಾದ ಮೇಲೆ ಮತ್ತೆ ಅದೇ ನಾಲ್ಕನ್ನು ಬರೆದು ಪಕ್ಕಪಕ್ಕ ನೋಡಿ. ಯಾವ ತೊಂದರೆಗೆಂದು ಸೇರಿದಿರೋ ಅದರ ಅಂಕಿ ಕದಲದಿದ್ದರೆ ಯೋಗ ಬಿಡುವ ಮೊದಲು ಬ್ಯಾಚು ಬದಲಿಸಿ. ಬಿರುಸಿನದರಲ್ಲಿ ಇದ್ದವರು ನಿಧಾನದ್ದಕ್ಕೆ, ಬರೀ ಕೂತು ಉಸಿರಾಡುತ್ತಿದ್ದವರು ನಿಂತು ಮಾಡುವುದಕ್ಕೆ.